ಜೇನು ಸಾಕುವ ಅಪ್ಪನಿಗೆ

ಪೆರೋನ್, ಮೇ ೧೯೩೪

ಅಪ್ಪಾ,

ಕಳೆದ ಭಾನುವಾರ ನಿಮ್ಮ ತೋಟಕ್ಕೆ ಬಂದು ಜೇನುತುಪ್ಪ ಕೊಂಡ ಹುಡುಗಿ ನಾನೇ, ನಿಮ್ಮ ಸೊಲಾಂಜ್. ಜೇನುಹುಳು ಕಚ್ಚದಿರಲೆಂದು ಹಾಕಿದ ಮುಸುಕನ್ನು ನೀವು ಕೊನೆಯವರೆಗೂ ತೆಗೆಯಲಿಲ್ಲ. ನಾನು ನನ್ನ ಹೆಸರು ಹೇಳಿದಾಗ ತುಂಬುತ್ತಿದ್ದ ತುಪ್ಪ ಚೆಲ್ಲಿದಿರಿ. ನೀವೇ ನನ್ನಪ್ಪ ಎಂದು ಆಗ ನನಗೆ ಖಾತ್ರಿಯಾಯಿತು.

ನೀವು ಯುದ್ಧದಲ್ಲಿ ಸತ್ತಿರೆಂದೇ ನಂಬಿ ಬೆಳೆದೆ. ಮದುವೆ ಗೊತ್ತಾದ ಮೇಲೆ ಅಮ್ಮ ಬಾಯಿಬಿಟ್ಟಳು: “ಕಂದಕದಿಂದ ಒಂದು ಗಳಿಗೆ ತಲೆ ಎತ್ತಿದ್ರಂತೆ ಕಣೇ. ಸಿಡಿಗುಂಡಿನ ಚೂರು ದವಡೆ ಕಿತ್ಕೊಂಡು ಹೋಯ್ತು. ಮಗು ಹೆದರ್ತದೆ, ನಾನು ಸತ್ತೆ ಅಂತ ಹೇಳ್ಬಿಡು ಅಂತ ಆಸ್ಪತ್ರೇಲಿ ನನ್ನ ಕೈಲಿ ಆಣೆ ಹಾಕಿಸ್ಕೊಂಡ್ರು.”

ನೀವಿರುವ ತೋಟ ಎಲ್ಲಿದೆಯೆಂದೂ ಅವಳೇ ಹೇಳಿದಳು. ಅಂದಿನಿಂದ ಕುತೂಹಲ ತಡೆಯಲಾಗುತ್ತಿಲ್ಲ. ಏನು ನೋಡಲು ತಲೆ ಎತ್ತಿದಿರಿ? ಹಕ್ಕಿಯನ್ನೇ? ಯಾರಾದರೂ ಕೂಗಿದರೇ? ನನ್ನ ಗಲ್ಲದ ಗುಳಿ ನಿಮ್ಮದೇ ಅಂತೆ, ಹೌದೇ? ನಿಮಗೆ ಹಾಡಲು ಬರುತ್ತಿತ್ತೇ?

ನಿನ್ನೆ ನನ್ನ ಅತ್ತೆಯಾಗುವವರು ಕೇಳಿದರು: “ನಿನ್ನ ಕೈಹಿಡ್ದು ಚರ್ಚಿಗೆ ಕರ್ಕೊಂಡು ಬರೋರು ಯಾರಮ್ಮಾ?”

“ನಮ್ಮಪ್ಪ.”

“ಹೋದೋರು ಬರ್ತಾರೇನೇ ಹುಚ್ಚಿ?”

“ಹೋಗಿಲ್ಲ. ಜೇನು ಸಾಕ್ತಿದಾರೆ.”

ನಿಮ್ಮ ಮುಖದ ವಿಷಯವನ್ನೂ ಹೇಳಿದೆ. ಅವರು, “ಯುದ್ಧಕ್ಕೆ ಹೋದ ನನ್ನ ತಮ್ಮ ಯಾವ ಮುಖದಲ್ಲಾದ್ರೂ ಸರಿ, ವಾಪಸ್ ಬಂದಿದ್ರೆ ಸಾಕಿತ್ತು” ಎಂದರು.

ಮದುವೆ ಜೂನ್ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ. ನಿಮ್ಮನ್ನು ಕರೆತರಲು ಫರ್ಮ್ಯಾಂ ಗಾಡಿ ತರುತ್ತಾನೆ. ಅವನು ನಿಮ್ಮ ಅಳಿಯನಾಗುವವನು, ಒಳ್ಳೆಯವನು. ನಿಮಗೆ ಅಗಿಯಲಾಗುವುದಿಲ್ಲವೆಂದು ಅಮ್ಮ ಹೇಳಿದ್ದಾಳೆ. ಅಂದು ಬರುವ ಎಲ್ಲರಿಗೂ ಸೂಪು, ಬೇಯಿಸಿ ಅರೆದ ತರಕಾರಿ, ಹಾಲಿನ ಸಿಹಿಯನ್ನೇ ಮಾಡಬೇಕೆಂದು ಅಡುಗೆಯವರಿಗೆ ಹೇಳಿಟ್ಟಿದ್ದೇನೆ. ಅಗಿಯುವಂಥದ್ದು ಯಾರ ತಟ್ಟೆಯಲ್ಲೂ ಇರುವುದಿಲ್ಲ.

ನಿಮ್ಮ ಮಗಳು,
ಸೊಲಾಂಜ್