ಸುಟ್ಟಿರಲಿಲ್ಲ ನಿನ್ನ ರಶಿಯಾ ರೇಡಿಯೋ

ಅಪ್ಪಾ,

ಮರಾಠಿ ಸಾಲಿಯಲ್ಲಿ ಓದಿದವಳ ಕನ್ನಡ ಇದು, ಅಕ್ಷರ ಸೊಟ್ಟಗಿದ್ದರೆ ನಗಬೇಡ. ನಗುವುದಕ್ಕೆ ಬೇರೆಯೇ ಸುದ್ದಿ ತಂದಿದ್ದೇನೆ.

ಭಿಲಾಯಿಯ ಉಕ್ಕಿನ ಕಾರ್ಖಾನೆಯ ಕೆಲಸ ಮುಗಿಸಿ ನೀನು ನಮ್ಮೂರು ವಾಗದರಿಗೆ ಬಂದ ದಿನ ನೆನಪಿದೆಯಾ? ತನ್ನ ದೇಶಕ್ಕೆ ಮರಳುವಾಗ ರಶಿಯಾದ ಇಂಜಿನಿಯರ್ ಕೊಟ್ಟಿದ್ದ ಪೆಟ್ಟಿಗೆಯನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದಿದ್ದೆ. ಕೆಳಗೆ ರೇಡಿಯೋ, ಮುಚ್ಚಳ ಎತ್ತಿದರೆ ರೆಕಾರ್ಡ್ ತಿರುಗಿಸುವ ತಟ್ಟೆ. ಸ್ವಿಚ್ ಹಾಕಿದ ಕೂಡಲೇ ಮಾತಾಡುತ್ತಿರಲಿಲ್ಲ. ಒಳಗಿನ ವಾಲ್ವುಗಳು ಕೆಂಪಗೆ ಕಾದು, ಮುಂದಿನ ಹಸಿರು ಕಣ್ಣು ತೆರೆದ ಮೇಲೆ ದನಿ ಬರುತ್ತಿತ್ತು. "ದೊಡ್ಡ ಮನಿ ಬೀಗರಿದ್ದಂಗ. ಕುಂತು ನೀರು ಕುಡದ ಮ್ಯಾಲೇ ಮಾತು" ಅನ್ನುತ್ತಿದ್ದೆ.

ಆ ದಸರೆಯ ಸಂಜೆ ಮಾತ್ರ... ನಿನ್ನ ಒಬ್ಬನೇ ತಮ್ಮ, ನಮ್ಮ ಕಾಕಾ, ಡೊಳ್ಳಿನ ಪದ ಎಲ್ಲಾದರೂ ಸಿಗುತ್ತದೇನೋ ಎಂದು ಗುಂಡಿ ತಿರುಗಿಸುತ್ತ ಕೂತಿದ್ದ. ಕರಕರ ಅಂದು ರೇಡಿಯೋ ಬಾಯಿ ಮುಚ್ಚಿತು. ಎಲ್ಲರೆದುರು ನೀನು ಅವನಿಗೆ "ನನ್ನ ರೇಡಿಯೋ ಸುಟ್ಟಬಿಟ್ಟಿ" ಅಂದೆ. ಬಡಿಸಿದ ಹೋಳಿಗೆ ಬಿಟ್ಟು ಹೆಂಡತಿಯ ಊರು ಭಂಡಾರಕವಠೆಗೆ ಹೋದವನು ಮತ್ತೆ ನಮ್ಮ ಮನೆಯ ನೀರು ಮುಟ್ಟಲಿಲ್ಲ. ನಿನ್ನ ಮಣ್ಣಿಗೆ ಬಂದಾಗಲೂ.

ಯಾರಿಗೂ ರೇಡಿಯೋ ಬಿಚ್ಚಲು ಬಿಡದೆ ಹಟ ಹಿಡಿದಿದ್ದೆಯಲ್ಲ ನೀನು? ರಶಿಯಾದವರ ಸಾಮಾನು ರಶಿಯಾದವರೇ ಬಿಚ್ಚಬೇಕಂತೆ. ಸೋಲಾಪುರದಲ್ಲಿ ಮಿಕ್ಸರ್, ಫ್ಯಾನು ರಿಪೇರಿ ಮಾಡುವ ಸ್ವಂತ ಮಗಳಿಗೂ ಬಿಡಲಿಲ್ಲ. ಕಳೆದ ವಾರ ವಾಗದರಿಗೆ ಹೋಗಿ ಹಿಂದಿನ ಹಲಗೆ ತೆಗೆದೆ. ಒಳಗೆ ಏನಿತ್ತು ಹೇಳು? ಅರಿಶಿನ! ದಸರೆಗೆ ಊರವರು ಕುಡಗೋಲಿಗೆ, ಕೊಡಲಿಗೆ ಭಂಡಾರದ ಅರಿಶಿನ ಹಚ್ಚಿದರೆ, ನೀನು ನಮ್ಮ ದೇವರು ಬಿರೋಬಾನ ಹೆಸರು ಹೇಳಿ ರೇಡಿಯೋಕ್ಕೂ ಮುಷ್ಟಿ ಮುಷ್ಟಿ ಎರಚುತ್ತಿದ್ದೆ. ಹಿಂದಿನ ತೂತುಗಳನ್ನೂ ಬಿಡಲಿಲ್ಲ. ಅದೇ ಭಂಡಾರ ಮಳೆಗಾಲದ ತೇವ ಕುಡಿದು ವಾಲ್ವಿನ ಕಾಲುಗಳಿಗೆ ಗಟ್ಟಿಯಾಗಿ ಮೆತ್ತಿತ್ತು. ಅದಕ್ಕೇ ದನಿ ನಿಂತದ್ದು.

ಒಂದು ವಾಲ್ವೂ ಸುಟ್ಟಿರಲಿಲ್ಲ ಅಪ್ಪಾ. ಎಲ್ಲ ಒರೆಸಿದೆ, ವಯಸ್ಸಾಗಿ ಒಣಗಿದ್ದ ಕಂಡೆನ್ಸರ್ ಬದಲಿಸಿದೆ. ಹಸಿರು ಕಣ್ಣು ತೆರೆಯಿತು, ಮರಾಠಿ ಬಾತ್ಮಿ ಓದುವ ದನಿ ಬಂತು. ಎಷ್ಟು ವರ್ಷದ ಭಾರ ಎದೆಯಿಂದ ಇಳಿಯಿತು ಗೊತ್ತಾ?

ಕಾಕಾನನ್ನು ಕರೆಸಿದೆ. ಒರೆಸಿದ ಅರಿವೆ ಮುಂದಿಟ್ಟು ಎಲ್ಲ ಹೇಳಿದೆ.

"ಅಂದ್ರ, ನಾ ಸುಟ್ಟಿದ್ದಿಲ್ಲಾ?"

"ಇಲ್ಲ ಕಾಕಾ. ಅಪ್ಪನ ಭಂಡಾರ."

ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ಅವನು ಅರಿವೆಯ ಹಳದಿಯನ್ನು ಬೆರಳಿಂದ ತೆಗೆದು ಹಣೆಗೆ ಹಚ್ಚಿಕೊಂಡ. ಅಳುತ್ತಲೇ ನಗುತ್ತಿದ್ದ.

ಬರುವ ದಸರೆಗೆ ರೇಡಿಯೋ ಪೂಜೆ ಕಾಕಾನದೇ. ಮುಚ್ಚಳದ ಮೇಲೆ ಒಂದು ಬೊಟ್ಟು ಭಂಡಾರ, ಅಷ್ಟೇ. ಹಿಂದಿನ ತೂತುಗಳಿಗೆ ನಾನು ಕಾವಲು ನಿಲ್ಲುತ್ತೇನೆ, ಮಾತು ಕೊಟ್ಟೆ. ಮತ್ತೆ ಅಪ್ಪಾ, ಆ ಮಧ್ಯಾಹ್ನ ನಿನ್ನ ತಮ್ಮ ನಮ್ಮ ಮನೆಯಲ್ಲೇ ಉಂಡ. ತಾನೇ ಕೇಳಿ ಇನ್ನೊಂದು ಜೋಳದ ಭಕ್ಕರಿ ಹಾಕಿಸಿಕೊಂಡ.

ನಿನ್ನ ಮಗಳು,
ಮಹಾದೇವಿ