ಅಜ್ಜಿಮನೆಯನ್ನು ಗುಜರಿಗೆ ಹಾಕಿಸಿದ ನಿರ್ದೇಶಕರಿಗೆ

ಈ ಮಹಾಸಭೆಗೆ ದಯಮಾಡಿಸಿರುವ ಖಾಲಿ ಕಪಾಟುಗಳೇ, ಜೋಡಿ ಕಳೆದುಕೊಂಡ ನಟ್ಟುಗಳೇ, ಜೊತೆಗಾರನಿಲ್ಲದ ಬೋಲ್ಟುಗಳೇ, ಮೂಲೆಯಲ್ಲಿ ಮೌನವಾಗಿ ಕುಳಿತ ಗ್ರೀಸಿನ ಡಬ್ಬಿಗಳೇ! ವೇದಿಕೆಗೆ ಬೇರೆ ಯಾರೂ ಬಾರದ ಕಾರಣ ಅಧ್ಯಕ್ಷತೆಯನ್ನು ನಾನೇ ವಹಿಸಿದ್ದೇನೆ. ಹಾರ ತುರಾಯಿ ಬೇಡ. ನೇರವಾಗಿ ವಿಷಯಕ್ಕೆ ಬರೋಣ.

ಬಿಡಿಭಾಗಗಳ ಪೂರೈಕೆಯ ಮಾನ್ಯ ನಿರ್ದೇಶಕರೇ, ವಿಷಯ ತಾವೇ. ತಾವು ತಂದು ಕೂರಿಸಿದ ಕೃತಕ ಬುದ್ಧಿಮತ್ತೆ ನಮ್ಮ ಬಸ್ ಡಿಪೋಗೆ ಒಂದು ಬ್ರೇಕ್ ವಾಲ್ವ್ ಕೊಡುವುದಿಲ್ಲ ಎಂದು ಮೂರು ಸಲ ಹೇಳಿತು. ಅದಿಲ್ಲದೆ ಓಡಿದ ಬಸ್ಸು ಗೋಡೆಗೆ ಗುದ್ದಿತು. ಈಗ ತಾವು ಅಮಾನತು ಮಾಡಿರುವುದು ಬಸ್ಸಿನ ಚಾಲಕನನ್ನು. ಸೋಮವಾರ ಹನ್ನೊಂದು ಗಂಟೆಗೆ ವಿಚಾರಣೆ. ತಪ್ಪಿತಸ್ಥನೆಂದು ಬರೆದರೆ ಇಪ್ಪತ್ತಾರು ವರ್ಷದ ನೌಕರಿ ಅಲ್ಲಿಗೇ ಮುಗಿಯಿತು. ಆ ಚಾಲಕ ನನ್ನ ಭಾವ, ಅಕ್ಕನ ಗಂಡ. ನಾನು ಅದೇ ಡಿಪೋದ ಸ್ಟೋರ್‌ಕೀಪರ್. ಆದ್ದರಿಂದ ಈ ಪತ್ರದಲ್ಲಿ ನಿಷ್ಪಕ್ಷಪಾತವನ್ನು ಹುಡುಕಬೇಡಿ. ಅದೂ ದಾಸ್ತಾನಿನಲ್ಲಿಲ್ಲ.

ಓದುಗರಿಗೆ ಒಂದು ಮಾತು. ಈ ಹೊಸ ವ್ಯವಸ್ಥೆಯನ್ನು ನಾವು ‘ಬೃಹಸ್ಪತಿ’ ಎನ್ನುತ್ತೇವೆ. ಯಾವ ಡಿಪೋಗೆ ಯಾವ ಬಿಡಿಭಾಗ ಯಾವ ತಿಂಗಳು ಬೇಕಾಗುತ್ತದೆ ಎಂದು ಅದು ಮುಂಚಿತವಾಗಿ ಲೆಕ್ಕ ಹಾಕುತ್ತದೆ. ಇಲ್ಲಿ ಕೊಳೆಯುವುದನ್ನು ಅಲ್ಲಿಗೆ, ಅಲ್ಲಿ ಹೆಚ್ಚಾದದ್ದನ್ನು ಇಲ್ಲಿಗೆ ಸಾಗಿಸುತ್ತದೆ. ಉದ್ಘಾಟನೆಯ ದಿನ, ನಿರ್ದೇಶಕರೇ, ತಾವು ಭಾಷಣದಲ್ಲಿ, ‘ಪೂರೈಕೆಯ ಸರಪಳಿ ಇನ್ನು ಯಾವ ಹೊಡೆತಕ್ಕೂ ಜಗ್ಗದು’ ಎಂದಿರಿ. ಸರಪಳಿ ಜಗ್ಗಲಿಲ್ಲ ಸಾರ್, ನಿಜ. ಕೊನೆಯ ಕೊಂಡಿಯಲ್ಲಿದ್ದ ಮನುಷ್ಯನ ಮಂಡಿ ಮುರಿಯಿತು, ಅಷ್ಟೇ.

ಆ ಯಂತ್ರದ ಮೇಲೆ ನನಗೆ ಹಗೆಯಿಲ್ಲ. ಟೈರಿನ ವಿಷಯದಲ್ಲಿ ಅದು ಹೇಳಿದ್ದು ಹೇಳಿದಂತೆ ನಡೆಯಿತು. ಫ್ಯಾನ್ ಬೆಲ್ಟಿಗಾಗಿ ನಾಲ್ಕು ಡಿಪೋಗಳಿಗೆ ಫೋನ್ ಮಾಡಿ ಹಲ್ಲು ಗಿಂಜುವ ಕೆಲಸ ತಪ್ಪಿತು. ನನ್ನ ಹಗೆಯೆಲ್ಲ ಅದರ ಹೆಗಲ ಮೇಲೆ ತಮ್ಮ ತಲೆಯನ್ನು ಇಳಿಸಿ ನಿಶ್ಚಿಂತರಾದ ತಮ್ಮ ಮೇಲೆ.

ಅಜ್ಜಿಮನೆಯ ಕಥೆ ಕೇಳಿ. ನಮ್ಮ ವರ್ಕ್‌ಶಾಪಿನ ಹಿಂದೆ, ಕಾಂಪೌಂಡಿಗೆ ಒರಗಿಕೊಂಡು, ಓಡಾಟ ನಿಲ್ಲಿಸಿದ ಐದು ಹಳೆಯ ಬಸ್ಸುಗಳು ಸಾಲಾಗಿ ನಿಂತಿದ್ದವು. ಕಾಗದದಲ್ಲಿ ಅವು ಗುಜರಿ. ನಮ್ಮ ಬಾಯಲ್ಲಿ ಅಜ್ಜಿಮನೆ. ಕೇಳಿದ್ದು ಸಿಗುವ ಮನೆ, ಯಾಕೆ ಎಂದು ಕೇಳದ ಮನೆ. ನಮ್ಮ ಹಿರಿಯ ಮೆಕ್ಯಾನಿಕ್ ಉದ್ದನೆಯ ಸ್ಕ್ರೂಡ್ರೈವರನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ರೋಗ ಹೇಳುವವರು. ಅದಕ್ಕೇ ಎಲ್ಲರಿಗೂ ‘ಡಾಕ್ಟ್ರು’. ಯಾವ ಭಾಗ ಕೆಟ್ಟರೂ ಡಾಕ್ಟ್ರದ್ದು ಒಂದೇ ಚೀಟಿ: ‘ಅಜ್ಜಿಮನೆಗೆ ಹೋಗಿ ಬನ್ರಪ್ಪ.’ ಹೋದವರು ಬಿಚ್ಚಿ ತರುತ್ತಿದ್ದರು, ಡಾಕ್ಟ್ರು ತೊಳೆದು ಕೂರಿಸುತ್ತಿದ್ದರು, ಬಸ್ಸು ಹೊರಡುತ್ತಿತ್ತು. ಹೊಸ ಮಾಲು ತಡವಾದರೆ ಹಳೆಯ ಮಾಲು ಕೈಹಿಡಿಯುತ್ತಿತ್ತು. ತಮ್ಮ ಭಾಷಣದ ‘ಯಾವ ಹೊಡೆತಕ್ಕೂ ಜಗ್ಗದ’ ಸರಪಳಿ ಎಂದರೆ ಅದೇ ಸಾರ್. ಆದರೆ ತಮ್ಮ ಪರದೆಯಲ್ಲಿ ಅದಕ್ಕೊಂದು ಚೌಕವಿರಲಿಲ್ಲ.

ಫೆಬ್ರವರಿಯಲ್ಲಿ ಬೃಹಸ್ಪತಿಯ ಎರಡು ಅಪ್ಪಣೆ ಬಂದವು. ಒಂದು, ನಮ್ಮ ಕಪಾಟಿನ ನಾಲ್ಕು ಹೊಸ ಬ್ರೇಕ್ ವಾಲ್ವುಗಳು ‘ಬಳಕೆಯಿಲ್ಲದ ದಾಸ್ತಾನು’, ಬೇರೆ ಡಿಪೋಗೆ ಕಳಿಸತಕ್ಕದ್ದು. ಎರಡು, ಹಿತ್ತಲಿನ ಐದು ಬಸ್ಸುಗಳು ‘ಜಾಗದ ಅಪವ್ಯಯ’, ತೆರವುಗೊಳಿಸತಕ್ಕದ್ದು. ಎರಡರ ಕೆಳಗೂ ತಮ್ಮ ರುಜು. ಆಹಾ, ಎಂಥ ರುಜು! ಓದದೆ ಹಾಕಿದ ರುಜುವಿಗೆ ಇರುವ ಓಟ ಓದಿ ಹಾಕಿದ್ದಕ್ಕೆ ಬರುವುದಿಲ್ಲ. ಒಂದೇ ವಾರದಲ್ಲಿ ಅಜ್ಜಿಮನೆ ಲಾರಿ ಹತ್ತಿತು. ಡಾಕ್ಟ್ರು ಖಾಲಿ ಜಾಗದಲ್ಲಿ ನಿಂತು ನನ್ನ ಕಡೆ ತಿರುಗಿದರು. ‘ಇನ್ನು ಏನಿದ್ರೂ ನಿಮ್ಮ ಕಪಾಟೇ ಗತಿ ಮಾರಾಯ್ರೇ’ ಎಂದರು. ಕಪಾಟಿನಲ್ಲಿದ್ದದ್ದು ಧೂಳು.

ಏಪ್ರಿಲಿನಲ್ಲಿ ಭಾವನ ಬಸ್ಸಿನ ಬ್ರೇಕ್ ವಾಲ್ವಿನಿಂದ ಗಾಳಿ ಸೋರಲು ಶುರುವಾಯಿತು. ನಾನು ಬೇಡಿಕೆ ಕಳಿಸಿದೆ. ನಿಮಿಷದೊಳಗೆ ಉತ್ತರ: ‘ಆರು ವರ್ಷಗಳಲ್ಲಿ ಈ ಡಿಪೋದ ಬಳಕೆ ಶೂನ್ಯ. ಕೋರಿಕೆ ಅಸಹಜ. ತಿರಸ್ಕರಿಸಲಾಗಿದೆ.’ ಎರಡನೇ ಸಲ ಕಳಿಸಿದೆ, ಅದೇ ಮಂಗಳಾರತಿ. ಮೂರನೇ ಸಲಕ್ಕೆ ‘ಕೋರಿಕೆದಾರರ ನಡವಳಿಕೆ ಪರಿಶೀಲನೆಯಲ್ಲಿದೆ’ ಎಂದಿತು. ತಮ್ಮ ಕಚೇರಿಗೆ ಫೋನ್ ಮಾಡಿದೆ. ತಮ್ಮ ಆಪ್ತ ಸಹಾಯಕರು ಆಕಳಿಸುತ್ತಲೇ ಹೇಳಿದರು:

‘ಸಿಸ್ಟಮ್ಮೇ ಬೇಡ ಅಂದ್ಮೇಲೆ ಕೊಡೋಕೆ ನಾವ್ಯಾರು ಸ್ವಾಮಿ?’

‘ಬ್ರೇಕು ಸಾರ್, ಬ್ರೇಕು! ಕಿಟಕಿ ಗಾಜಲ್ಲ!’

‘ಅದನ್ನ ಸಿಸ್ಟಮ್ಮಿಗೆ ಹೇಳಿ.’

ಹೇಳಿದ್ದೆನಲ್ಲ, ಮೂರು ಸಲ. ಇನ್ನೊಂದು ಚೋದ್ಯ ಕೇಳಿ. ಕೋರಿಕೆ ತಿರಸ್ಕೃತವಾದರೆ ಆ ಬಸ್ಸಿನ ಎದುರು ‘ರಿಪೇರಿ ಬಾಕಿ ಇಲ್ಲ’ ಎಂದು ತನ್ನಷ್ಟಕ್ಕೆ ಹಸಿರು ಬೀಳುತ್ತದೆ. ಬಸ್ಸು ನಿಲ್ಲಿಸಿ ಎಂದು ಡಾಕ್ಟ್ರು ಬೇಡಿಕೊಂಡರೆ ಡಿಪೋ ಮ್ಯಾನೇಜರು ಪರದೆ ತೋರಿಸಿದರು. ‘ಹಸಿರು ಇದೆಯಲ್ರೀ. ನಿಲ್ಸಿದ್ರೆ ಮೇಲಿನವರು ನನ್ನ ನಿಲ್ಸಿ ಕೇಳ್ತಾರೆ.’ ಭಾವ ಮೂರು ದಿನ ದೂರು ಪುಸ್ತಕದಲ್ಲಿ ‘ಬ್ರೇಕ್ ಹಿಡಿತ ಸಾಲದು’ ಎಂದು ಬರೆದ. ಅಕ್ಷರ ದುಂಡಗಿದೆ, ನೋಡಿ. ನಾಲ್ಕನೆಯ ದಿನ ಬೆಳಗ್ಗೆ ನನ್ನ ಕಿಟಕಿಗೆ ಬಂದು, ‘ಏನಪ್ಪಾ ಭಾವಮೈದ, ಬ್ರೇಕು ಕೊಡ್ತೀಯೋ, ಬರೀ ಪ್ರಾಸ ಕೊಡ್ತೀಯೋ?’ ಎಂದು ನಗಾಡಿದ. ಮಾತಿಗೆ ಪ್ರಾಸ ಕಟ್ಟುವುದು ನನ್ನ ಚಟ, ನಗಾಡಿಕೊಂಡೇ ಕೊಟ್ಟೆ: ‘ವಾಲ್ವು ಬರೋವರೆಗೂ ಭಾವ, ಮೆಲ್ಲಗೆ ಓಡ್ಸು ಜೀವ.’

ಹತ್ತೂವರೆಗೆ ತರಕಾರಿ ಮಾರುಕಟ್ಟೆಯ ಇಳಿಜಾರಿನಲ್ಲಿ ಬ್ರೇಕ್ ಪೆಡಲ್ ನೆಲಕ್ಕೆ ತಾಗಿತು. ಕೆಳಗೆ ನಿಲ್ದಾಣದಲ್ಲಿ ನಲವತ್ತು ಜನ. ಭಾವ ಸ್ಟೀರಿಂಗನ್ನು ಬಲಕ್ಕೆ ಎಳೆದು ನೀರಿನ ಟ್ಯಾಂಕಿನ ಗೋಡೆಗೆ ಕೊಟ್ಟ. ಅದೂ ತಾನು ಕುಳಿತ ಮಗ್ಗುಲನ್ನೇ. ಒಳಗಿದ್ದವರಿಗೆ ತರಚು ಗಾಯ. ಅವನ ಬಲಗಾಲಿಗೆ ಮೂರು ಸರಳು. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ತಮ್ಮ ಆದೇಶವೂ ಬಂತು: ‘ಅಜಾಗರೂಕ ಚಾಲನೆ. ವಾಹನವು ಸುಸ್ಥಿತಿಯಲ್ಲಿತ್ತೆಂದು ವ್ಯವಸ್ಥೆ ದೃಢೀಕರಿಸಿದೆ.’

ಅಕ್ಕ ಅದನ್ನು ನನ್ನಿಂದ ಎರಡು ಸಲ ಓದಿಸಿದಳು. ‘ಅಲ್ವೋ, ಬಸ್ಸು ಚೆನ್ನಾಗಿದ್ರೆ ಇವರೇನು ಗೋಡೆ ಮೇಲೆ ಸಿಟ್ಟಿಗೆ ಗುದ್ದಿದ್ರಾ?’ ಎಂದಳು. ಆಮೇಲೆ ಭಾವನ ಕಾಲಿನ ಕೆಳಗಿನ ದಿಂಬು ಸರಿಮಾಡುತ್ತಾ, ನನ್ನ ಮುಖ ನೋಡದೆ, ‘ಆರು ವರ್ಷ ಒಂದೂ ಕೆಟ್ಟಿಲ್ಲ ಅಂದ್ರೆ ಯಾರಾದ್ರೂ ನಂಬ್ತಾರೇನೋ? ಆ ಕಂಪ್ಯೂಟರಿಗೆ ಹಾಗಂತ ಹೇಳಿದೋರ್ಯಾರೋ?’ ಎಂದು ಕೇಳಿದಳು. ನಾನು ಆದೇಶವನ್ನು ಮಡಚಿ ಜೇಬಿಗಿಟ್ಟುಕೊಂಡೆ.

ನಿರ್ದೇಶಕರೇ, ನನಗೆ ಕ್ಷಮಾಗುಣ ಕಡಿಮೆ. ತಾವು ಪ್ರತಿ ಬೆಳಗ್ಗೆ ಅದೇ ಇಳಿಜಾರಿನಲ್ಲಿ, ಅದೇ ಸೋರುವ ವಾಲ್ವಿನ ಬಸ್ಸಿನಲ್ಲಿ, ಮುಂದಿನ ಸೀಟಿನಲ್ಲೇ ಪ್ರಯಾಣ ಮಾಡಬೇಕು. ಪೆಡಲ್ ಮೆತ್ತಗಾದಾಗಲೆಲ್ಲ ತಮ್ಮ ಫೋನಿಗೆ ‘ಹಸಿರು’ ಎಂದು ಸಂದೇಶ ಬರಬೇಕು. ನಿವೃತ್ತಿಯಾದ ಮೇಲೆ ಮನೆಯ ನಲ್ಲಿ ಸೋರಿ, ವಾಷರ್ ಕೇಳಲು ಅಂಗಡಿಗೆ ಹೋದರೆ ‘ನಿಮ್ಮ ಕೋರಿಕೆ ಅಸಹಜ’ ಎನ್ನಬೇಕು. ಕುರ್ಚಿಯಲ್ಲಿ ಕೂತವರಿಗೆ ಹಸಿರು, ಕೆಳಗೆ ನಿಂತವರಿಗೆ ಬಿಟ್ಟುಹೋಗಲಿ ಉಸಿರು! ಅಲ್ಲ, ಕೇಳುತ್ತೇನೆ: ಐದು ಬಸ್ಸುಗಳನ್ನು ಲಾರಿಗೆ ಹೇರಿಸುವ ಮುಂಚೆ, ಇವುಗಳಿಂದ ಯಾರಿಗಾದರೂ ಉಪಯೋಗವಿದೆಯೇ ಎಂದು ಈ ಡಿಪೋದಲ್ಲಿ ಒಬ್ಬನೇ ಒಬ್ಬ ನರಮನುಷ್ಯನನ್ನು ಕೇಳಿದಿರಾ?

ನನ್ನ ಒತ್ತಾಯ ಇಷ್ಟು. ಸೋಮವಾರ ಹನ್ನೊಂದಕ್ಕೆ ಮೊದಲು ಭಾವನ ಅಮಾನತು ರದ್ದಾಗಬೇಕು. ಆ ಮೂರು ತಿರಸ್ಕಾರಗಳೂ ದೂರು ಪುಸ್ತಕದ ಮೂರು ಪುಟಗಳೂ ವಿಚಾರಣೆಯ ಮೇಜಿನ ಮೇಲಿರಬೇಕು. ಅವನ ಕುರ್ಚಿಯಲ್ಲಿ ನಿಜವಾದ ತಪ್ಪಿತಸ್ಥರು ಕೂರಬೇಕು.

ಕೇಳಿದ್ದಿರಿ.

ಕಳೆದ ನವೆಂಬರಿನಲ್ಲಿ, ಅತ್ಯಂತ ಕಡಿಮೆ ಬಿಡಿಭಾಗ ಬಳಸಿದ ಡಿಪೋ ಎಂಬ ಫಲಕವನ್ನು ಸತತ ಐದನೇ ವರ್ಷ ನನ್ನ ಕೈಗಿತ್ತು, ಹಿತ್ತಲಿಗೆ ನಡೆದು ಬಂದು, ಅಜ್ಜಿಮನೆಯ ಎದುರು ನಿಂತು ತಾವು ಕೇಳಿದಿರಿ: ‘ಇವುಗಳಿಂದ ಏನಾದರೂ ಬಿಚ್ಚುತ್ತೀರೇನ್ರೀ?’ ಗುಜರಿ ಮುಟ್ಟುವುದು ನಿಯಮಕ್ಕೆ ವಿರುದ್ಧ. ಆರು ವರ್ಷದಲ್ಲಿ ಅಲ್ಲಿಂದ ಬಿಚ್ಚಿದ ಹತ್ತೊಂಬತ್ತು ವಾಲ್ವುಗಳಲ್ಲಿ ಒಂದನ್ನೂ ನಾನು ಬಳಕೆ ಎಂದು ದಾಖಲಿಸಿರಲಿಲ್ಲ. ದಾಖಲಿಸಿದ್ದರೆ ಫಲಕವಿಲ್ಲ. ಅದನ್ನು ಎದೆಗೆ ಒತ್ತಿಕೊಂಡು ಹೇಳಿದೆ: ‘ಒಂದು ನಟ್ಟೂ ಇಲ್ಲ ಸಾರ್.’

ಬೃಹಸ್ಪತಿ ಸುಳ್ಳು ಹೇಳಲಿಲ್ಲ. ನನ್ನದನ್ನು ಓದಿ ಹೇಳಿತು. ಸೋಮವಾರ ಆ ಕುರ್ಚಿಗೆ ನಾನು ಬರುತ್ತೇನೆ. ಪಕ್ಕದಲ್ಲಿ ತಮಗೂ ಒಂದು ಹಾಕಿಸಿ. ಅಕ್ಕಾ, ನೀನು ಕೇಳಿದ್ದಕ್ಕೆ ಉತ್ತರ ಇದು. ಎದುರಿಗೆ ಹೇಳಲು ಬಾಯಿ ಬರಲಿಲ್ಲ.

ಇಂತಿ,
ಐದು ಫಲಕಗಳನ್ನು ಚೀಲಕ್ಕೆ ತುಂಬಿಟ್ಟುಕೊಂಡು ಕುಳಿತಿರುವ,
ಆರು ವರ್ಷದ ಶೂನ್ಯಗಳನ್ನು ತನ್ನ ಕೈಯಾರೆ ಬರೆದ ಸ್ಟೋರ್‌ಕೀಪರ್