ಗಿಳಿಹಸಿರು ಲಂಗ

ಕಿರುಗಾವಲು
13-11-2025, ಗುರುವಾರ

ಚಿರಂಜೀವಿ ಗಗನಳಿಗೆ, ಬೈದು ಬೈದು ಬೆಳೆಸಿದ ನಿನ್ನವ್ವನ ಆಶೀರ್ವಾದ.

ಮಂಡಿ ನೋವು ಹೇಗಿದೆ? ಹೋದ ವಾರ ಕುಣಿದು ಮುಗಿಸಿದ ಮೇಲೆ ನೀನು ಎಡಗಾಲನ್ನು ಒಂದು ಚೂರು ಎತ್ತಿ ಇಟ್ಟೆ. ಆ ಮೂವರು ಜಡ್ಜುಗಳಿಗೆ ಕಾಣಲಿಲ್ಲ, ಇಲ್ಲಿ ಟಿವಿ ಮುಂದೆ ಕೂತಿದ್ದ ನನಗೆ ಕಂಡಿತು. ಹರಳೆಣ್ಣೆ ಬಿಸಿ ಮಾಡಿ ಹಚ್ಚಿಕೋ. ಅಲ್ಲಿ ಯಾರು ಬಿಸಿ ಮಾಡಿಕೊಡುತ್ತಾರೆ ಅನ್ನಬೇಡ, ಕೇಳಿದರೆ ಯಾರಾದರೂ ಕೊಡುತ್ತಾರೆ. ಬಾಯಿ ಬಿಟ್ಟು ಕೇಳುವುದು ನಿನಗೆ ಬರುವುದಿಲ್ಲ. ಅದು ನಿಮ್ಮಪ್ಪನ ಗುಣ.

ನಿಮ್ಮ ಫೋನುಗಳನ್ನೆಲ್ಲ ಆ ಶೋನವರು ಇಸಿದುಕೊಂಡಿದ್ದಾರೆ, ಮನೆಯಿಂದ ಕಾಗದ ಬಂದರೂ ಮೊದಲು ಅವರೇ ಓದುತ್ತಾರಂತೆ. ಅದಕ್ಕೇ ಈ ದಾರಿ. ನಾಳೆ ಮಳವಳ್ಳಿಯಿಂದ ಯಾಸ್ಮಿನ್ ನಿನ್ನ ಹೊಸ ಡ್ರೆಸ್ಸು ತೆಗೆದುಕೊಂಡು ಬೆಂಗಳೂರಿಗೆ ಬರುತ್ತಾಳಲ್ಲ, ಲೈನಿಂಗ್ ಒಳಗೆ ಈ ಕವರನ್ನಿಟ್ಟು ನಾಲ್ಕು ಹೊಲಿಗೆ ಹಾಕಿ ತರುತ್ತೇನೆ ಅಂದಿದ್ದಾಳೆ. ಗೌಸ್ ಪೀರ್ ಟೈಲರ್ ಮಗಳು, ಅವಳ ಕೈಕೆಲಸ ಯಾರಿಗೂ ಗೊತ್ತಾಗುವುದಿಲ್ಲ. ನೀನು ಬಾತ್‌ರೂಮಿಗೆ ಹೋಗಿ ಓದು. ಪೂರ್ತಿ ಓದು. ಅರ್ಧಕ್ಕೇ ಕೋಪ ಮಾಡಿಕೊಂಡು ಹರಿದು ಹಾಕಬೇಡ, ನಿನ್ನ ಸಿಟ್ಟು ನನಗೆ ಗೊತ್ತು.

ವಿಷಯಕ್ಕೆ ಬರುತ್ತೇನೆ. ಶನಿವಾರ ನಿಮ್ಮದು ಕುಟುಂಬದ ಎಪಿಸೋಡು. ನಿನಗೆ ಹೇಳಿಲ್ಲ, ಸರ್‌ಪ್ರೈಸ್ ಅಂತೆ. ನೀನು ಕುಣಿಯಲು ನಿಂತಾಗ ದೀಪಗಳನ್ನೆಲ್ಲ ಆರಿಸುತ್ತಾರೆ. ಮತ್ತೆ ಹತ್ತಿಸಿದಾಗ ಸ್ಟೇಜಿನ ಮೇಲೆ ನಿಮ್ಮಪ್ಪ ನಿಂತಿರುತ್ತಾರೆ. ಕೈಯಲ್ಲಿ ಗೆಜ್ಜೆ. ಎಲ್ಲರ ಮುಂದೆ ನಿನ್ನ ಕಾಲ ಬಳಿ ಕೂತು ಗೆಜ್ಜೆ ಕಟ್ಟಿ, ನಿನ್ನ ಬಟ್ಟೆ ಸುಟ್ಟಿದ್ದಕ್ಕೆ ಕ್ಷಮೆ ಕೇಳಬೇಕು. ಹಾಗಂತ ದೀಪಿಕ ಬರೆದುಕೊಟ್ಟು ಹೋಗಿದ್ದಾಳೆ. ದೀಪಿಕ ಅಂದರೆ ಶೋನಲ್ಲಿ ಕಥೆ ನೋಡಿಕೊಳ್ಳುವ ಹುಡುಗಿ, ನಿನಗೆ ಗೊತ್ತಲ್ಲ, ಯಾವಾಗಲೂ ಕಿವಿಗೆ ವೈರು ಸಿಕ್ಕಿಸಿಕೊಂಡಿರುತ್ತಾಳೆ. ಕೆಟ್ಟವಳೇನಲ್ಲ. ನಮ್ಮ ಮನೆಯಲ್ಲಿ ಮುದ್ದೆ ಉಂಡಳು, ತಟ್ಟೆಯನ್ನೂ ತೊಳೆದಿಟ್ಟಳು. "ಇದು ಫಸ್ಟ್ ಸೀಸನ್ನು ಆಂಟಿ. 'ಹೆಜ್ಜೆ ಸವಾಲ್' ಈ ಸಲ ಬಿದ್ದುಹೋದ್ರೆ ಎರಡನೇದು ಇರಲ್ಲ, ನಮ್ ಕೆಲಸಾನೂ ಇರಲ್ಲ" ಅಂತ ನನ್ನ ಕೈ ಹಿಡಿದುಕೊಂಡಳು.

ನಿಮ್ಮಪ್ಪ ಒಪ್ಪಿಕೊಂಡರು. ನಾನು ಅಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದೆ.

ಗಗನಾ, ನಿಮ್ಮಪ್ಪ ನಿನ್ನ ಲಂಗ ಸುಡಲಿಲ್ಲ.

ಎರಡು ವರ್ಷ ಆಯಿತು ನೀನು ಅವರ ಜೊತೆ ಮಾತು ಬಿಟ್ಟು. ಮಂಡ್ಯದ ಗುತ್ತಲಿನಲ್ಲಿ ಗೆಳತಿ ಚಂದನಳ ಜೊತೆ ರೂಮು ಮಾಡಿಕೊಂಡೆ, ಮಕ್ಕಳಿಗೆ ಡ್ಯಾನ್ಸ್ ಕಲಿಸಿ ಹೊಟ್ಟೆ ಹೊರೆದುಕೊಂಡೆ. ಹಬ್ಬಕ್ಕೆ ಕರೆದರೆ, ಅವರು ಮನೆಯಲ್ಲಿಲ್ಲದ ಹೊತ್ತು ನೋಡಿ ಬಂದು ಹೋದೆ. ಅಷ್ಟೂ ದಿನ ನಾನು ನಿನ್ನ ತಲೆ ಸವರಿ, ಹೋಗಲಿ ಬಿಡು, ಗಂಡಸರೇ ಹಾಗೆ ಅಂತ ಸಮಾಧಾನ ಮಾಡಿದೆ. ಥೂ, ಬರೆಯುವಾಗಲೇ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನಿಸುತ್ತಿದೆ.

ಸುಟ್ಟದ್ದು ನಾನು.

ನೆಪ ಹೇಳುವುದಿಲ್ಲ ಅಂದುಕೊಂಡೇ ಕೂತೆ, ಆದರೂ ನಡೆದದ್ದನ್ನು ನಡೆದ ಹಾಗೆ ಹೇಳಬೇಕಲ್ಲ. ಮಂಡ್ಯದ ಜಿಲ್ಲಾ ಸ್ಪರ್ಧೆಗೆ ಎರಡು ದಿನ ಇತ್ತು. ಆತಗೂರಿನಿಂದ ನನ್ನ ಅಣ್ಣ, ನಿನ್ನ ಲಿಂಗಯ್ಯ ಮಾವ ಬಂದಿದ್ದ. ಅವನ ಮಗ ಶಶಿಧರನಿಗೆ ನಿನ್ನನ್ನು ತಂದುಕೊಳ್ಳಬೇಕು ಅನ್ನುವುದು ನೀನು ತೊಟ್ಟಿಲಲ್ಲಿದ್ದಾಗಿನಿಂದ ನಡೆದ ಮಾತು. ನನ್ನ ತವರಿಗೆ ನನ್ನ ಮಗಳು ಸೊಸೆಯಾಗಿ ಹೋಗುತ್ತಾಳೆ, ನಾನು ಆಡಿದ ಹಟ್ಟಿಯಲ್ಲಿ ನನ್ನ ಮೊಮ್ಮಕ್ಕಳು ಆಡುತ್ತವೆ ಅಂತ ನನಗೂ ಆಸೆ. ಅಣ್ಣ ಅವತ್ತು ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡವನು, "ರೆಕಾರ್ಡ್ ಡ್ಯಾನ್ಸ್ ಮಾಡೋಳ್ನ ತಂದ್ರೆ ನಮ್ಮೂರಲ್ಲಿ ನಾನು ತಲೆ ಎತ್ಕಂಡು ತಿರುಗಾಡ್ನಾ? ಬಿಡಿಸ್ತೀಯೋ, ನಾನು ಬೇರೆ ಕಡೆ ನೋಡ್ಲೋ, ಒಂದ್ ಹೇಳು ಚಲುವಿ" ಅಂದ. ನಿಮ್ಮಪ್ಪನಿಗೂ ಹಾಲಿನ ಡೈರಿಯಲ್ಲಿ ಯಾರೋ ಏನೋ ಅಂದಿದ್ದರು. ಅದೇ ಸಂಜೆ ನಿನ್ನ ಮುಂದೆ, "ಕುಣಿದಿದ್ದು ಸಾಕು ಬುಡು ಇನ್ನ" ಅಂತ ಗದರಿದ್ದು ನಿಜ. ಅವರು ಮಾಡಿದ ತಪ್ಪು ಅಷ್ಟೇ. ಬಾಯಿ ಜೋರು, ಕೈ ಜೋರಲ್ಲ.

ನೀನು ಮರುದಿನ ಸಂಜೆ ಪ್ರಾಕ್ಟೀಸಿಗೆ ಹೋಗಿದ್ದೆ. ನಿನ್ನ ಬೀರುವಿನಲ್ಲಿ ಸೀರೆಗಳ ಕೆಳಗೆ ಆ ಗಿಳಿಹಸಿರು ಲಂಗ ಇತ್ತು, ಹಳದಿ ಅಂಚು, ತುಂಬ ಚಮಕಿ. ಅಪ್ಪನ ಕಣ್ಣಿಗೆ ಬೀಳಬಾರದು ಅಂತ ನೀನು ಬಚ್ಚಿಟ್ಟಿದ್ದೆ. ನನಗೆ ಮಾತ್ರ ತೋರಿಸಿದ್ದೆ. ಹಾಕಿಕೊಂಡು ಒಂದು ಸುತ್ತು ತಿರುಗಿ, ಹೆಂಗವ್ವ ಅಂತ ಕೇಳಿದ್ದೆ. ಅದನ್ನೇ ತೆಗೆದುಕೊಂಡು ನಾನು ಬಚ್ಚಲಿಗೆ ಹೋದೆ.

ನಮ್ಮ ಮನೆಯ ರೂಢಿ ನಿನಗೆ ಗೊತ್ತು. ಸಂಜೆ ಹಂಡೆ ಒಲೆ ತುಂಬುವುದು ನನ್ನ ಕೆಲಸ. ಬೆಳಗ್ಗೆ ಎದ್ದು ಕಡ್ಡಿ ಗೀರುವುದು ಅವರ ಕೆಲಸ. ಲಂಗವನ್ನು ಸುರುಳಿ ಸುತ್ತಿ ಒಲೆಯ ಹಿಂದಕ್ಕೆ ತುರುಕಿ, ಮೇಲೆ ಒಣಗಿದ ಕಬ್ಬಿನ ತರಗು ಒತ್ತಿ, ಅದರ ಮೇಲೆ ತೆಂಗಿನ ಗರಿ ತುಂಬಿದೆ. ಕೈ ತೊಳೆದುಕೊಂಡು ಬಂದು ಮುದ್ದೆಗೆ ಎಸರಿಟ್ಟೆ ಕಣೇ. ಬೆಳಗ್ಗೆ ನಿಮ್ಮಪ್ಪ ಎಂದಿನ ಹಾಗೆ ಕಡ್ಡಿ ಗೀರಿ, ಬಾಗಿಲು ತೆಗೆದು, ಹಾಲು ಕರೆಯಲು ಹೋದರು. ತಾನು ಏನನ್ನು ಹಚ್ಚುತ್ತಿದ್ದೇನೆ ಅಂತ ಆ ಮನುಷ್ಯನಿಗೆ ಗೊತ್ತೇ ಇಲ್ಲ.

ಬೀರು ಹುಡುಕಿ, ಮನೆಯೆಲ್ಲ ಹುಡುಕಿ, ಕೊನೆಗೆ ಬಚ್ಚಲ ಬೂದಿಯಲ್ಲಿ ಕಪ್ಪಗಾದ ಚಮಕಿ ಕಂಡು ನೀನು ಕಿರುಚಿಕೊಂಡೆಯಲ್ಲ, ಆಗ ಅವರು ಹಾಲಿನ ಕ್ಯಾನು ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಮೊನ್ನೆ ಬೈದೆ, ಇವತ್ತು ಬೆಂಕಿ ಇಟ್ಟೆ" ಅಂತ ನೀನು ಅವರ ಮೇಲೆ ಬಿದ್ದೆ. ಅವರು ಒಲೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅಷ್ಟರಲ್ಲೇ ಅವರಿಗೆ ತಿಳಿದುಹೋಯಿತು. ಕ್ಯಾನು ತೆಗೆದುಕೊಂಡು ಡೈರಿಗೆ ಹೋದರು. ನೀನು ಬ್ಯಾಗು ತೆಗೆದುಕೊಂಡು ಬಸ್ಸು ಹತ್ತಿದೆ.

ಅವತ್ತು ಮಧ್ಯಾಹ್ನ ನಾನು, ಗುತ್ತಲಿಗೆ ಹೋಗಿ ನಿಜ ಹೇಳಿಬಿಡುತ್ತೇನೆ ಅಂತ ಹೊರಟಿದ್ದೆ. ಅವರು ತಡೆದರು. "ಬುಡು ಚಲುವಿ. ಅಪ್ಪ ಕೆಟ್ಟೋನಾದ್ರೆ ಮಕ್ಕಳು ಅವ್ವನ ಮಡ್ಲಿಗೆ ಓಯ್ತವೆ. ಅವ್ವನೇ ಕೆಟ್ಟೋಳಾದ್ರೆ ಅವು ಎಲ್ಲಿಗೆ ಓಗವು? ನಾನು ಎಂಗೂ ಒರಟ. ಅಂಗೇ ಇರ್ಲಿ" ಅಂದರು. ನಾನು ಹೊಸಿಲು ದಾಟಿದ್ದವಳು ಚಪ್ಪಲಿ ಬಿಟ್ಟು ಒಳಗೆ ಬಂದೆ. ಅವರು ತಡೆದರು ಅನ್ನುವುದು ನೆಪ ಮಗಳೇ. ಯಾರಾದರೂ ತಡೆಯಲಿ ಅಂತಲೇ ಕಾಯುತ್ತಿದ್ದೆ. ಶಶಿಧರ ಆಮೇಲೆ ಬೇರೆ ಕಡೆಯೇ ಮದುವೆಯಾದ. ತವರಿನ ಆಸೆಯೂ ಹೋಯಿತು, ನೀನೂ ಹೋದೆ.

ಇನ್ನೊಂದು ಕೇಳು. ಆಡಿಷನ್ನಿಗೆ ನೀನು ಹಾಕಿಕೊಂಡ ಕೆಂಪು ಲಂಗ ನಾನು ಹೊಲಿಸಿದ್ದಲ್ಲ. ನಿಮ್ಮಪ್ಪ ಗೌಸ್ ಪೀರ್ ಅಂಗಡಿಗೆ ತಾವೇ ಹೋಗಿ, ತಾವೇ ಬಟ್ಟೆ ಆರಿಸಿ ಕೊಟ್ಟು ಬಂದದ್ದು. ಡ್ಯಾನ್ಸ್ ಬಟ್ಟೆ ಹೇಗಿರುತ್ತದೆ ಅಂತ ಅವರಿಗೇನು ಗೊತ್ತು? "ಮದುವೆ ಹೆಣ್ಣಿಗೆ ಆಗೋಂಥದ್ದು ಕೊಡಿ ಅಂದ್ರು ಆಂಟಿ" ಅಂತ ಯಾಸ್ಮಿನ್ ನಕ್ಕಳು. ಅವ್ವ ಕಳಿಸಿದ್ದು ಅಂತ ಹೇಳು ಅಂತ ಅವಳಿಂದ ಆಣೆ ಹಾಕಿಸಿಕೊಂಡರಂತೆ. ನೀನು ಅದನ್ನೇ ತೊಟ್ಟು ಸ್ಟೇಜಿನ ಮೇಲೆ ನಿಂತು, ಅಪ್ಪ ನನ್ನ ಡ್ರೆಸ್ಸು ಸುಟ್ಟರು, ಅವ್ವ ಕದ್ದು ಇದನ್ನು ಹೊಲಿಸಿಕೊಟ್ಟಳು ಅಂದೆ. ಜಡ್ಜಮ್ಮ ಕಣ್ಣೊರೆಸಿಕೊಂಡರು.

ಅದನ್ನು ಊರವರೆಲ್ಲ ಒಟ್ಟಿಗೆ ಕೂತು ನೋಡಿದರು. ನಮ್ಮೂರ ಹುಡುಗಿ ಟಿವಿಯಲ್ಲಿ ಬರುತ್ತಾಳೆ ಅಂತ ಡೈರಿ ಮುಂದೆ ದೊಡ್ಡ ಪರದೆ ಕಟ್ಟಿದ್ದರು. ನಿಮ್ಮಪ್ಪ ಮುಂದಿನ ಸಾಲಿನಲ್ಲಿ, ಇಸ್ತ್ರಿ ಪಂಚೆ ಉಟ್ಟು ಕೂತಿದ್ದರು. ನೀನು ಹೇಳಿ ಮುಗಿಸಿದಾಗ ಎಲ್ಲರೂ ತಿರುಗಿ ಅವರನ್ನೇ ನೋಡಿದರು. ಅವರು ಎದ್ದು, ಟವೆಲ್ಲು ಕೊಡವಿ, ಮನೆಗೆ ನಡೆದರು. ಮರುದಿನದಿಂದ ಅವರಿಗೆ ಬೆಂಕಿ ಶಿವರಾಜು ಅಂತ ಹೆಸರು. ಹಾಲು ಹಾಕಲು ಹೋದರೆ ಡೈರಿಯಲ್ಲಿ ಅಳೆಯುವ ಪುಟ್ಟರಾಜು, "ಕಡ್ಡಿಪೆಟ್ಗೆ ಜೋಬಲ್ಲೈತಾ ಅಣ್ಣೋ, ದೂರ ನಿಂತ್ಕೊ" ಅಂತಾನೆ, ಸಾಲಿನಲ್ಲಿರುವ ಹೆಂಗಸರು ಸೆರಗು ಅಡ್ಡ ಹಿಡಿದು ನಗುತ್ತಾರೆ. ಫೋನಿನಲ್ಲಿ ನಿನ್ನ ವಿಡಿಯೊ ಕೆಳಗೆ ಯಾರು ಯಾರೋ ಬರೆದದ್ದನ್ನು ಅವರೇ ಒಂದೊಂದಾಗಿ ಓದುತ್ತಾರೆ. ಇಂಥ ಅಪ್ಪನನ್ನು ಕಂಬಕ್ಕೆ ಕಟ್ಟಬೇಕು ಅಂತ ಬರೆದಿದ್ದಾರೆ. ಓದಿ, "ಓಟು ಚೆನ್ನಾಗಿ ಬತ್ತಾ ಅವೆ ಕಣೆ" ಅಂತಾರೆ. ಇಂಥವರನ್ನು ಕಟ್ಟಿಕೊಂಡು ನಾನು ಏನು ಮಾಡಲಿ ಹೇಳು!

ಆಮೇಲೆ ದೀಪಿಕ ಕ್ಯಾಮೆರಾ ತಂದಳು. ಸುಟ್ಟಿದ್ದು ನಿಜವಾ ಆಂಟಿ ಅಂತ ಕೇಳಿದಳು. ನಾನು ತಲೆ ಆಡಿಸಿದೆ. ಕಣ್ಣೀರೂ ಹಾಕಿದೆ. ಹಂಡೆ ಒಲೆಯನ್ನು ತೋರಿಸಿದೆ. ನೀನು ಅದನ್ನು ನೋಡಿರುತ್ತೀಯೆ.

ಈ ವಾರ ನಿಮ್ಮಪ್ಪ, ದೀಪಿಕ ಬರೆದುಕೊಟ್ಟ ಮಾತನ್ನು ಕೊಟ್ಟಿಗೆಯಲ್ಲಿ ಹಸುವಿನ ಮುಂದೆ ನಿಂತು ಕಂಠಪಾಠ ಮಾಡುತ್ತಿದ್ದಾರೆ. ಮಂಗಳವಾರ ನಾನು ಹಿಂಡಿ ಬಕೆಟ್ಟು ಹಿಡಿದು ಹೋದವಳು ಬಾಗಿಲಲ್ಲೇ ನಿಂತೆ. "ತಪ್ಪಾಯ್ತು ಕಣವ್ವ, ನಿಮ್ಮಪ್ಪನ್ನ ಕ್ಸಮಿಸ್ಬುಡು." ಮತ್ತೆ ಮೊದಲಿನಿಂದ. ಬಗ್ಗಿ, ಗೂಟಕ್ಕೆ ಕೈ ಕೊಟ್ಟು, ಅದನ್ನೇ ನಿನ್ನ ಕಾಲು ಅಂದುಕೊಂಡು ಹಗ್ಗ ಸುತ್ತಿ ಗಂಟು ಹಾಕುತ್ತಿದ್ದರು. ನಾನು ಬಕೆಟ್ಟು ಅಲ್ಲೇ ಕುಕ್ಕಿ ಅತ್ತೆ. ಅವರ ಕಾಲು ಹಿಡಿದು, ಬೇಡ ಕಣ್ರೀ, ಹೋಗಬೇಡಿ ಅಂದೆ. "ಫೈನಲ್ಲಿಗೆ ಒಂದೇ ಮೆಟ್ಲು ಅಯ್ತೆ. ಈಗ ನಾನು ಸುಟ್ಟಿಲ್ಲ ಅಂದ್ರೆ ಮಗಳು ಸುಳ್ಳಿ ಆಯ್ತಾಳೆ" ಅಂದರು. ದೀಪಿಕಳಿಗೆ ಫೋನು ಮಾಡಿದೆ. "ಪ್ರೋಮೋ ಹೋಗ್ಬಿಟ್ಟಿದೆ ಆಂಟಿ, ಈಗ ಬದಲಾಯಿಸಕ್ಕಾಗಲ್ಲ" ಅಂತ ಇಟ್ಟಳು.

ಇನ್ನು ಉಳಿದಿರುವುದು ನೀನು ಒಬ್ಬಳೇ. ನಿಮ್ಮಪ್ಪನನ್ನು ಬಗ್ಗಲು ಬಿಡಬೇಡ ಗಗನಾ. ಶನಿವಾರ ಬೆಳಗ್ಗೆಯೇ ದೀಪಿಕಳನ್ನು ಕರೆದು, ನಮ್ಮವ್ವ ಬರಬೇಕು ಅಂತ ಹಟ ಹಿಡಿ. ನಾನೂ ಅವರ ಜೊತೆ ಬರುತ್ತೇನೆ. ಲೈಟು ಹಾಕಲಿ, ಕ್ಯಾಮೆರಾ ಹಿಡಿಯಲಿ, ನಾನೇ ಹೇಳುತ್ತೇನೆ, ಬಟ್ಟೆ ಸುಟ್ಟವಳು ನಾನು, ಎರಡು ವರ್ಷ ಗಂಡನ ಹಿಂದೆ ಅವಿತುಕೊಂಡವಳು ನಾನು ಅಂತ. ಇದರಿಂದ ನಿನ್ನ ಓಟು ಬೀಳಬಹುದು. ಬಹುಮಾನ ಕೈತಪ್ಪಬಹುದು. ನಿನ್ನ ಕನಸಿಗೆ ನಾನು ಎರಡನೇ ಸಲ ಬೆಂಕಿ ಇಡುತ್ತಿದ್ದೇನೇನೋ ಅನ್ನುವ ಭಯವೂ ಇದೆ. ಆದರೂ ಕೇಳುತ್ತಿದ್ದೇನೆ. ನೀನು ನನ್ನ ಮುಖ ನೋಡುವುದಿಲ್ಲ ಅಂದರೆ ಅದನ್ನೂ ಅನುಭವಿಸುತ್ತೇನೆ. ಅವರ ಮುಖ ಮಾತ್ರ ನೋಡು.

ನಿಮ್ಮಪ್ಪ ಶನಿವಾರಕ್ಕೆ ಅಂತ ಬಿಳಿ ಅಂಗಿ ಹೊಲಿಸಲು ಹಾಕಿದ್ದಾರೆ, ನಾಳೆ ಬೆಳಗ್ಗೆ ಗೌಸ್ ಪೀರ್ ಅಂಗಡಿಗೆ ಹೋಗುತ್ತಾರೆ. ಈ ಕವರನ್ನೂ ಅವರ ಕೈಲೇ ಯಾಸ್ಮಿನ್‌ಗೆ ಕೊಟ್ಟು ಕಳಿಸುತ್ತೇನೆ. ಭಯವಿಲ್ಲ. ನಿನ್ನ ಕಾಲೇಜಿನ ಮಾರ್ಕ್ಸ್ ಕಾರ್ಡು ಬಂದಾಗಲೂ, ಅವಳ ಹೆಸರಿಗೆ ಬಂದದ್ದು ಅವಳೇ ಒಡೀಲಿ ಅಂತ ಇಟ್ಟಿದ್ದವರು. ಅಂಟಿಸಿದ ಕವರನ್ನು ಅವರು ಒಡೆಯುವವರಲ್ಲ.

ನಿನ್ನ ಕ್ಷಮೆ ಕೇಳಲು ಮುಖವಿಲ್ಲದ,
ನಿನ್ನವ್ವ
ಚಲುವಮ್ಮ

ಮರೆತಿದ್ದೆ: ಹೊಲಿಗೆ ಬಿಚ್ಚುವಾಗ ಹಲ್ಲಿನಲ್ಲಿ ಎಳೆಯಬೇಡ, ಹೊಸ ಬಟ್ಟೆ ಹರಿದೀತು.

(ಕವರಿನ ಹಿಂಬದಿಯಲ್ಲಿ, ಬಾಲ್ ಪೆನ್ನಿನಲ್ಲಿ, ಬೇರೆ ಕೈಬರಹ)

ಗಗನಾ, ಒಳಗೆ ನಿಮ್ಮವ್ವ ಏನ್ ಬರ್ದವ್ಳೆ ಅಂತ ನಾನು ಓದಿಲ್ಲ. ಆದ್ರೂ ಗೊತ್ತು ಕಣವ್ವ. ನಂಬ್ಬೇಡ. ನನ್ನ ಉಳಿಸಕ್ಕೆ ಅಂತ ತನ್ ಮ್ಯಾಲೆ ಹಾಕ್ಕೊಂಡವ್ಳೆ. ಸುಟ್ಟೋನು ನಾನೇ. ನಿನ್ನ ಆ ಕೆಂಪು ಲಂಗ ಒಲೆಲಿ ಉರಿಯೋದ್ನ ನನ್ ಕಣ್ಣಾರೆ ನಿಂತು ನೋಡ್ದೆ. ಶನಿವಾರ ಬತ್ತೀನಿ. ನಾನು ಬಗ್ದಾಗ ಕಾಲು ಹಿಂದಕ್ಕೆ ಎಳ್ಕೋಬೇಡ.
ನಿಮ್ಮಪ್ಪ